ಹಳೆ ಮೊಸರು, ಹೊಸ ಕರ್ನಲ್

ಮೊನ್ನೆ ಭಾನುವಾರ ಬೆಳಿಗ್ಗೆ ನಾನು ಇಂಗ್ಲಿಷ್ ಓದಿದೆ.

ನಗಬೇಡಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು ಎಂದು ನಿಮಗೆಲ್ಲ ಗೊತ್ತು. ಇಂಗ್ಲಿಷಿನ ಅಕ್ಷರಗಳನ್ನು ಒಂದೊಂದಾಗಿ ಗುರುತಿಸುತ್ತೇನೆ, ಸೇರಿಸಿ ಓದು ಎಂದರೆ ಮುಗಿಯಿತು. ಅಂಕಿ ಮಾತ್ರ ಚೆನ್ನಾಗಿ ಬರುತ್ತದೆ. ಬಸ್ಸಿನ ನಂಬರು ನೋಡಿಯೇ ಅಲ್ಲವೇ ನಾನು ಇಷ್ಟು ವರ್ಷ ಮಂಗಳೂರು ಸುತ್ತಿದ್ದು? ವಾಮಂಜೂರಿಗೆ ಹೊರಟವಳು ಒಂದು ದಿನವೂ ಉಳ್ಳಾಲಕ್ಕೆ ಹೋಗಿ ಇಳಿದಿಲ್ಲ.

ಅಂಥ ನನ್ನ ಇಂಗ್ಲಿಷಿನ ಮೇಲೆ ಮೊನ್ನೆ ನಮ್ಮ ದೀಕ್ಷಾಳ ಇಡೀ ಸೆಮಿನಾರ್ ನಿಂತಿತ್ತು.

ದೀಕ್ಷಾ ನನ್ನ ಮೊಮ್ಮಗಳು. ಕೊಡಿಯಾಲ್‌ಬೈಲಿನ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಯುತ್ತಿದ್ದಾಳೆ. ಅವಳಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣುವುದಿಲ್ಲ. (ನಾಲಗೆ ಮಾತ್ರ ಇಬ್ಬರದ್ದಷ್ಟು ಉಂಟು.) ಅವಳ ಹಳೆಯ ಲ್ಯಾಪ್‌ಟಾಪ್ ಎರಡು ದಾರಿಯಿಂದ ಅವಳ ಜೊತೆ ಮಾತಾಡುತ್ತದೆ. ಒಂದು, ಕಿವಿಗೆ ಹಾಕುವ ಹೆಡ್‌ಫೋನ್. ಲ್ಯಾಪ್‌ಟಾಪಿನ ಸ್ವಂತ ಸ್ಪೀಕರ್ ಸತ್ತು ವರ್ಷವಾಯಿತು. ಇನ್ನೊಂದು, ಬ್ರೈಲ್ ಪಟ್ಟಿ. ಸ್ಕ್ರೀನಿನಲ್ಲಿ ಬರೆದದ್ದು ಆ ಪಟ್ಟಿಯ ಮೇಲೆ ಸಣ್ಣ ಚುಕ್ಕಿಗಳಾಗಿ ಎದ್ದು ನಿಲ್ಲುತ್ತದೆ, ಅವಳು ಬೆರಳಿನಿಂದ ಓದುತ್ತಾಳೆ. ಎರಡನ್ನೂ ಚುಚ್ಚುವುದು USB ತೂತಿಗೆ. ಈ USB ಎಂಬ ಮೂರಕ್ಷರ ನೆನಪಿಟ್ಟುಕೊಳ್ಳಿ, ಮುಂದೆ ಬೇಕು.

ಸೋಮವಾರ ಅವಳ ಸೆಮಿನಾರ್. ಕಳೆದ ಸಲ ಈ ಬ್ರೈಲ್ ಪಟ್ಟಿ ಇರಲಿಲ್ಲ, ಇವಳು ಬರೆದದ್ದನ್ನು ಗೆಳತಿಯೊಬ್ಬಳು ಓದಿದಳು. ಓದಿದವಳ ಸ್ವರ ಚೆನ್ನಾಗಿದೆ ಎಂದು ಎಲ್ಲರೂ ಹೊಗಳಿದರಂತೆ. ಇವಳು ಮನೆಗೆ ಬಂದು ಎರಡು ದಿನ ಯಾರ ಹತ್ತಿರವೂ ಮಾತಾಡಲಿಲ್ಲ. ಈ ಸಲ ನನ್ನದನ್ನು ನಾನೇ ಓದುವುದು ಎಂದು ಹಟ.

ವಿಷಯ ಎಂತದ್ದು ಗೊತ್ತುಂಟಾ? ಕರ್ನಲ್.

"ಕರ್ನಲ್ ಅಂದ್ರೆ ಎಂತ ಮಾರಾಯ್ತಿ?" ಎಂದು ಕೇಳಿದ್ದೆ.

"ಕಂಪ್ಯೂಟರಿನ ಒಳಗೆ ಅದು ಅಪ್ಪನ ಹೋಟೆಲಿನ ಅಡುಗೆಮನೆ ಇದ್ದ ಹಾಗೆ ಅಜ್ಜಿ. ಗಿರಾಕಿಗಳಿಗೆ ಕಾಣುವುದಿಲ್ಲ, ಆದ್ರೆ ಅದು ನಿಂತ್ರೆ ಎಲ್ಲ ನಿಲ್ತದೆ. ಒಂದೊಂದು ಸಾಮಾನು ನಡೆಸ್ಲಿಕ್ಕೆ ಅದಕ್ಕೆ ಒಂದೊಂದು ಡ್ರೈವರ್ ಬೇಕು, ಅವುಗಳದ್ದು ಒಂದು ಉದ್ದ ಪಟ್ಟಿ ಉಂಟು. ಒಂದೊಂದು ಸಾಲಿಗೂ ನಾವು ಬೇಕು, ಬೇಡ, ಇಲ್ಲದಿದ್ರೆ ಕರೆದಾಗ ಬರಲಿ ಅಂತ ಹೇಳ್ಬೇಕು."

ಅಷ್ಟೇನಾ? ಮನೆಯವರು, ಬೇಡದವರು, ಕರೆದಾಗ ಬರುವ ನೆಂಟರು. ಮದುವೆಯ ಪಟ್ಟಿ ನಾವು ಮಾಡಿದವರಲ್ಲವೇ!

ಲ್ಯಾಪ್‌ಟಾಪ್ ಹಳತು, ಏಳಲಿಕ್ಕೇ ತುಂಬ ಹೊತ್ತು. ಬೇಡದ್ದನ್ನೆಲ್ಲ ತೆಗೆದು ಹಗುರ ಮಾಡಿ, ಮಾಡಿದ್ದನ್ನೇ ಸೆಮಿನಾರಿನಲ್ಲಿ ಹೇಳುವುದು ಅವಳ ಯೋಚನೆ. ಶನಿವಾರ ಆ ಡ್ರೈವರುಗಳ ಪಟ್ಟಿ ಹಿಡಿದು ಕುಳಿತಿದ್ದಾಗ ನಾನೇ ಹೇಳಿದೆ, "ವರ್ಷದಿಂದ ಮುಟ್ಟದ್ದು ಮನೆಯಲ್ಲಿ ಯಾಕೆ? ಹೊರಗೆ ಹಾಕು." ಅಟ್ಟ ಗುಡಿಸುವಾಗ ನಾನು ಯಾವಾಗಲೂ ಹೇಳುವ ಮಾತು. ಅವಳು ಹಾಗೇ ಮಾಡಿದಳು.

ಭಾನುವಾರ ಬೆಳಿಗ್ಗೆ ಮಗ, ಸೊಸೆ ಇಬ್ಬರೂ ಹೋಟೆಲಿಗೆ ಹೋಗಿದ್ದರು. ನಾನು ದೋಸೆ ಕಾವಲಿ ಇಳಿಸುತ್ತಿದ್ದೆ. ಒಳಗಿನಿಂದ ಸ್ವರ ಬಂತು. "ಅಜ್ಜೀ..."

(ನಾವು ಮನೆಯಲ್ಲಿ ಜಗಳಾಡುವುದೂ ಹೆದರುವುದೂ ತುಳುವಿನಲ್ಲೇ. ಇಲ್ಲಿ ನಿಮಗಾಗಿ ಕನ್ನಡ.)

ಹೋಗಿ ನೋಡಿದರೆ ಸ್ಕ್ರೀನಿನಲ್ಲಿ ದೀಪ ಉಂಟು. ಆದರೆ ಹೆಡ್‌ಫೋನಿನಲ್ಲಿ ಸದ್ದಿಲ್ಲ. ಪಟ್ಟಿಯ ಮೇಲೆ ಒಂದು ಚುಕ್ಕಿ ಇಲ್ಲ, ಒರೆಸಿದ ಸ್ಲೇಟಿನ ಹಾಗೆ. ಇವಳ ಬೆರಳು ಮಾತ್ರ ಅದರ ಮೇಲೆ ಹೋಗ್ತಾ ಬರ್ತಾ ಇತ್ತು. ಕಿವಿಯೂ ಹೋಯಿತು, ಬೆರಳೂ ಹೋಯಿತು. ಅವಳ ಮಟ್ಟಿಗೆ ಆ ಲ್ಯಾಪ್‌ಟಾಪ್ ಈಗ ಮಣೆ.

"ಹೊಸ ಕರ್ನಲ್ ಹಾಕಿದೆ ಅಜ್ಜಿ. USB ಪೂರ್ತಿ ಸತ್ತಿದೆ."

"ಬರೆದದ್ದನ್ನು ಪೆನ್‌ಡ್ರೈವಿಗೆ ಹಾಕಿ ಬೇರೆಯವರ ಕಂಪ್ಯೂಟರಿಗೆ ಕೊಂಡೋಗು." (ನನಗೂ ಸ್ವಲ್ಪ ಗೊತ್ತುಂಟು.)

"ಅದೂ ಅದೇ ತೂತಿನಿಂದಲೇ ಅಲ್ವಾ ಹೋಗ್ಬೇಕಾದ್ದು!"

ವರ್ಷದಿಂದ ಮುಟ್ಟದ್ದನ್ನು ಹೊರಗೆ ಹಾಕು ಎಂದ ಬಾಯಿ ನನ್ನದೇ. ಅದೇ ಬಾಯಿಯಿಂದ ಕೇಳಿದೆ, "ಹಳೆಯ ಕರ್ನಲನ್ನೂ ಹೊರಗೆ ಹಾಕಿದ್ಯಾ?"

"ಇಟ್ಟಿದ್ದೇನೆ ಅಂತ ಕಾಣ್ತದೆ... ಕೆಲವೆಲ್ಲ ಅಳಿಸಿದೆ, ಈಗ ನೆನಪಾಗುದಿಲ್ಲ. ಆಫ್ ಮಾಡಿ ಆನ್ ಮಾಡಿದ್ರೆ ಮೊದಲು ಒಂದು ಸ್ಕ್ರೀನ್ ಬರ್ತದೆ. ಹಳೆಯದು ಇದ್ರೆ ಅಲ್ಲಿ ಹೆಸರು ಉಂಟು. ಆದ್ರೆ ಆ ಸ್ಕ್ರೀನಿಗೆ ಮಾತು ಬರುದಿಲ್ಲ. ಐದೇ ಸೆಕೆಂಡು ಇರ್ತದೆ. ಮೊಬೈಲ್ ಹಿಡಿದು ನೋಡಿದೆ, ಅದು ಓದ್ಲಿಕ್ಕೆ ಹೊರಡುವಾಗ ಇದು ಮಾಯ. ಕಣ್ಣಿದ್ದವರೇ ಬೇಕು."

ಮನೆಯಲ್ಲಿ ಕಣ್ಣಿದ್ದವರು ಯಾರು? ನಾನು, ಮತ್ತೆ ಬೆಕ್ಕು.

ಮೊದಲ ಸಲ ನಾನು ಕನ್ನಡಕ ತರುವಷ್ಟರಲ್ಲಿ ಐದು ಸೆಕೆಂಡು ಮುಗಿಯಿತು. ಎರಡನೇ ಸಲ ಅವಳೇ ಬಾಣದ ಗುಂಡಿ ಒತ್ತಿ ಗಡಿಯಾರ ನಿಲ್ಲಿಸಿದಳು. (ಮೊದಲೇ ಮಾಡಬಾರದಿತ್ತೇ? ಗಾಬರಿಯಲ್ಲಿ ಅವಳಿಗೂ ನೆನಪಾಗಲಿಲ್ಲ, ಪಾಪ.) "ಎರಡನೇ ಸಾಲು ಓದಿ ಅಜ್ಜಿ."

"ಎ... ಡಿ... ವಿ..."

"ಸಾಕು ಸಾಕು, ಅದೇ! ಹಳೆಯ ಹೆಸರುಗಳೆಲ್ಲ ಅದರ ಒಳಗೆ ಇರುದು" ಎಂದು ಎಂಟರ್ ಹೊಡೆದಳು. ಈಗ ನಾಲ್ಕು ಉದ್ದ ಸಾಲು ಬಂತು. ನೋಡಲು ನಾಲ್ಕೂ ಒಂದೇ ತರ.

"ನಂಬರ್ ಮಾತ್ರ ಹೇಳಿ. ಬಸ್ಸಿನ ನಂಬರ್ ನೋಡ್ತೀರಲ್ಲ, ಹಾಗೆ. ಆರು ಚುಕ್ಕಿ ಹನ್ನೆರಡು ಹೊಸತು, ನಮಗೆ ಬೇಡ. ಆರು ಚುಕ್ಕಿ ಒಂದು ಬೇಕು."

"ಮೊದಲನೆಯದು ಆರು ಚುಕ್ಕಿ ಹನ್ನೆರಡು. ಎರಡನೆಯದೂ ಹನ್ನೆರಡೇ."

ಅವಳು ಬಾಣದ ಗುಂಡಿಯ ಮೇಲೆ ಬೆರಳು ಇಟ್ಟಳು.

"ಮೂರನೆಯದು ಆರು ಚುಕ್ಕಿ ಒಂದು..."

"ಒಂದರ ಪಕ್ಕ ಎರಡು ಉಂಟಾ? ಸರಿ ನೋಡಿ ಅಜ್ಜಿ."

ಸ್ಕ್ರೀನಿಗೆ ಮೂಗು ತಾಗುವಷ್ಟು ಹತ್ತಿರ ಹೋದೆ. "ಇಲ್ಲ. ಒಂದೇ ಒಂದು."

ಅವಳು ಎರಡು ಸಲ ಬಾಣ ಒತ್ತಿದಳು, ಎಂಟರ್ ಹೊಡೆದಳು. ನಾನು ಕದ್ರಿ ಮಂಜುನಾಥನಿಗೆ ಒಂದು ಎಳನೀರು ಹರಕೆ ಹೇಳಿಕೊಂಡೆ.

ಸ್ವಲ್ಪ ಹೊತ್ತಿಗೆ ಟಕಟಕಟಕ! ಕಾವಲಿಯ ಮೇಲೆ ನೀರುದೋಸೆಗೆ ತೂತು ಏಳುವ ಹಾಗೆ ಪಟ್ಟಿಯ ಮೇಲೆ ಚುಕ್ಕಿಗಳು ಎದ್ದವು. ದೀಕ್ಷಾ ಬೆರಳು ಇಟ್ಟಳು. ನಕ್ಕಳು. ನಾನು ಸೆರಗಿನಿಂದ ಮುಖ ಒರೆಸಿಕೊಂಡೆ. (ಸೆಕೆ ಜಾಸ್ತಿ ಇತ್ತು.)

"ಈ ಹಳೆಯ ಕರ್ನಲನ್ನೂ ಅಳಿಸ್ಲಿಕ್ಕೆ ಹೊರಟಿದ್ದೆ ಅಜ್ಜಿ," ಎಂದಳು ಆಮೇಲೆ. "ಅಷ್ಟರಲ್ಲಿ ನಿಮ್ಮ ಮೊಸರಿನ ಗಲಾಟೆ ಆಯ್ತಲ್ಲ."

ಆಗ ನೆನಪಾಯಿತು. ಶನಿವಾರ ಸಂಜೆ ಸೊಸೆ ಹಳೆಯ ಮೊಸರಿನ ಪಾತ್ರೆ ತೊಳೆಯಲು ಹೊರಟಾಗ ನಾನು ಮನೆ ಹಾರಿಹೋಗುವ ಹಾಗೆ ಕೂಗಿದ್ದೆ. ಹೊಸ ಮೊಸರು ಗಟ್ಟಿಯಾಗುವ ತನಕ ಹಳೆಯದರ ಪಾತ್ರೆ ಮುಟ್ಟಬಾರದು. ಹೊಸತು ಕೆಟ್ಟರೆ ಹೆಪ್ಪಿಗೆ ಯಾರ ಮನೆಗೆ ಹೋಗುವುದು? ನನ್ನ ಅತ್ತೆ ಕಲಿಸಿದ ಪಾಠ. ಅದನ್ನು ಕೇಳಿಯೇ ಇವಳು ಕೈ ಹಿಂದೆ ತೆಗೆದಳಂತೆ.

ನನ್ನ ಒಂದು ಮಾತು ಕೆಡಿಸಿತು, ಇನ್ನೊಂದು ಉಳಿಸಿತು. ಲೆಕ್ಕ ಸರಿಯಾಯಿತಲ್ಲ?

ತಪ್ಪು ಎಲ್ಲಿ ಆದದ್ದು? ಅವಳೇ ಹುಡುಕಿದಳು. ಹೆಡ್‌ಫೋನಿನ ಡ್ರೈವರ್ ಉಂಟು, ಪಟ್ಟಿಯದ್ದೂ ಉಂಟು. ಆದರೆ USB ತೂತನ್ನೇ ನಡೆಸುವ ಡ್ರೈವರ್ ಬೇರೆ ಇರುತ್ತದಂತೆ, ಹೊಸ ಕಾಲದ್ದು ಒಂದು, ಹಳೆ ಕಾಲದ್ದು ಎರಡು. ಹಳೆ ಕಾಲದ್ದು ಯಾಕೆ ಎಂದು ಎರಡಕ್ಕೂ 'ಬೇಡ' ಹೇಳಿದ್ದಳು. ಲ್ಯಾಪ್‌ಟಾಪೇ ಹಳೆ ಕಾಲದ್ದು ಎಂಬುದು ಮರೆತೇಹೋಯಿತು!

"ನೇತ್ರಾವತಿಯ ಸೇತುವೆ ಬಂದ್ ಮಾಡಿದ ಹಾಗೆ," ಎಂದೆ. "ಆಚೆ ದಡದ ಉಳ್ಳಾಲದಲ್ಲಿ ಎಲ್ಲರೂ ಇದ್ದಾರೆ, ಮೀನೂ ಉಂಟು. ಈಚೆಗೆ ಬರುವುದು ಹೇಗೆ?"

"ಅಜ್ಜಿ, ಇದನ್ನು ನಾನು ಸೆಮಿನಾರಿನಲ್ಲಿ ಹಾಕ್ತೇನೆ."

ಎರಡು ಸಾಲಿಗೂ 'ಬೇಕು' ಹೇಳಿ ಮತ್ತೊಮ್ಮೆ ಕರ್ನಲ್ ಬೇಯಿಸಲು ಇಟ್ಟಳು. ಸಂಜೆಯಾಯಿತು. ಈ ಸಲ ಆಫ್ ಮಾಡಿ ಆನ್ ಮಾಡುವಾಗ ನಾನು ಕನ್ನಡಕ ಹಾಕಿ ತಯಾರಾಗಿ ನಿಂತರೆ, "ಓದುವುದು ಬೇಡ, ನೀವು ಆಚೆ ಕೂತ್ಕೊಳ್ಳಿ" ಎಂದು ಓಡಿಸಿದಳು. ಕೆಲಸ ಆಯಿತು, ಅಜ್ಜಿ ಬೇಡ! ಸ್ವಲ್ಪ ಬೇಜಾರಾದದ್ದು ಹೌದು. ಆದರೆ ಚುಕ್ಕಿಗಳ ಟಕಟಕ ಕೇಳಿದ ಮೇಲೆ ಬೇಜಾರು ಎಲ್ಲಿ ನಿಲ್ಲುತ್ತದೆ?

ಸೋಮವಾರ ಹಟ ಹಿಡಿದು ನಾನೂ ಹೋದೆ. ಕಡೆಯ ಬೆಂಚು. ದೀಕ್ಷಾ ಎದುರು ನಿಂತು, ಬೆರಳು ಓಡಿಸುತ್ತಾ, ಅವಳದ್ದೇ ಸ್ವರದಲ್ಲಿ ಓದಿದಳು. ಒಂದು ಕಡೆಯೂ ತಡವರಿಸಲಿಲ್ಲ. ಸೇತುವೆಯೂ ಬಂತು, ಉಳ್ಳಾಲದ ಮೀನೂ ಬಂತು, ಹುಡುಗರು ನಕ್ಕರು.

ಒಬ್ಬ ಎದ್ದು ಕೇಳಿದ, "ಈಗ ಹಳೆಯ ಕರ್ನಲ್ ಡಿಲೀಟ್ ಮಾಡಿದ್ಯಾ?"

"ಇಲ್ಲ. ಅಜ್ಜಿ ಬೈತಾರೆ."

ಕೊನೆಗೆ ಲ್ಯಾಪ್‌ಟಾಪನ್ನು ಎಲ್ಲರೆದುರು ಆನ್ ಮಾಡಿ ತೋರಿಸಿದಳು. ಗೋಡೆಯ ಮೇಲೆ ಅದೇ ಸ್ಕ್ರೀನ್, ಅದೇ ಉದ್ದ ಸಾಲುಗಳು, ಈಗ ಬಾಗಿಲಿನಷ್ಟು ದೊಡ್ಡದು. ನಾನು ರೂಢಿಯಂತೆ ನಂಬರ್ ನೋಡಿದೆ. ಆರು ಚುಕ್ಕಿ ಹನ್ನೆರಡು. ಅದರ ಬಾಲಕ್ಕೆ ಭಾನುವಾರ ಬೆಳಿಗ್ಗೆ ಇಲ್ಲದ ನಾಲ್ಕು ಅಕ್ಷರ.

"ಕರ್ನಲ್ ಮಾಡಿದವರು ಅದಕ್ಕೆ ಬೇಕಾದ ಹೆಸರು ಇಡಬಹುದು," ಎಂದಳು ದೀಕ್ಷಾ. "ಅಜ್ಜಿ, ಈಗ ಓದಿ."

ಎ... ಜೆ... ಜೆ... ಐ.

ಸೇರಿಸಿ ಓದಲು ಬಂತು ಮಾರಾಯ್ರೇ! ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವಳನ್ನು ಕಾಲೇಜಿನ ಗೋಡೆಯ ಮೇಲೆ ಅಷ್ಟು ದೊಡ್ಡದಾಗಿ ಬರೆದದ್ದು ನೀವು ಎಲ್ಲಾದರೂ ನೋಡಿದ್ದುಂಟಾ?