ಸೈಕಲ್ ಟ್ಯೂಬಿನ ಪಾನಾ

ಅಂಬಾರಾಯನ ಸಿಟ್ಟು ನಮ್ಮ ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದರ ಕಾರಣ ಮಾತ್ರ ಯಾರಿಗೂ ಬೇಕಿರಲಿಲ್ಲ. ನಾವಿಬ್ಬರೂ ಕಲಬುರ್ಗಿ ಕಡೆಯವರು, ಪಿಂಪ್ರಿಯ ಒಂದೇ ಚಾಳಿನಲ್ಲಿ ಅಕ್ಕಪಕ್ಕದ ಖೋಲಿಗಳಲ್ಲಿ ಇದ್ದವರು. ನನ್ನ ಕೆಲಸ ಲೇಥ್ ಮೇಲೆ, ಅವನದು ಮಾಲು ಸಾಗಿಸುವ ಬ್ಯಾಟರಿ ಗಾಡಿಗಳ ಮೇಲೆ. ಗಾಡಿಯ ಹಲಗೆ ಎತ್ತಿದರೆ ಕೆಳಗೆ ಸಾಲಾಗಿ ಬ್ಯಾಟರಿಗಳು.

ಆ ಬ್ಯಾಟರಿಗಳ ನಟ್ಟು ಸಡಿಲಾದರೆ ಕಾದು ಸೀಸ ಕರಗುತ್ತದೆ, ಜೋರು ಮಾಡಿ ಬಿಗಿದರೆ ಬ್ಯಾಟರಿಯ ತಲೆಯ ಮೇಲಿನ ಸೀಸದ ಕಂಬವೇ ಮುರಿಯುತ್ತದೆ. ಬಿಗಿಯುವಾಗ ಪಾನಾ, ಅಂದರೆ ಸ್ಪ್ಯಾನರ್, ಪಕ್ಕದ ಕಂಬಕ್ಕೆ ತಾಗಿತೋ, ಕಬ್ಬಿಣ ಕ್ಷಣದಲ್ಲಿ ಕೆಂಡ. ಅದಕ್ಕೇ ರಬ್ಬರ್ ಹಿಡಿಯ ಪಾನಾ ಬೇಕೆಂದು ಅವನು ೧೯೭೪ರಿಂದ ಸ್ಟೋರಿಗೆ ಚೀಟಿ ಕೊಡುತ್ತಿದ್ದ. ಸ್ಟೋರ್‌ಕೀಪರ್ ತಲೆ ಎತ್ತದೆ "ಉದ್ಯಾ" ಅನ್ನುತ್ತಿದ್ದ. ಆ ನಾಳೆ ನಾಲ್ಕು ವರ್ಷವಾದರೂ ಬರಲಿಲ್ಲ.

"ಇವರ ಮನಿ ಹಾಳಾಗ! ಸುಡೋದು ನನ್ನ ಕೈ, ಇವರದೇನು ಹೋಗ್ತದ?" ಎಂದು ಬೈಯುತ್ತಲೇ ಅವನು ಹಳೆಯ ಸೈಕಲ್ ಟ್ಯೂಬ್ ಕತ್ತರಿಸಿ, ನಟ್ಟು ಹಿಡಿಯುವ ಬಾಯನ್ನಷ್ಟೇ ಬಿಟ್ಟು ಪಾನಾಕ್ಕೆಲ್ಲ ಬಿಗಿಯಾಗಿ ಸುತ್ತಿಕೊಂಡ. ಕಂಬಕ್ಕೆ ಉಂಗುರ ತಾಗಿದರೂ ಅದೇ ಗತಿಯೆಂದು ಕೆಲಸಕ್ಕೆ ಮುಂಚೆ ಮದುವೆಯ ಉಂಗುರ ಬಿಚ್ಚಿ ಜೇಬಿಗಿಡುತ್ತಿದ್ದ. ನಾವು ನಗುತ್ತಿದ್ದೆವು.

ಎಪ್ಪತ್ತೆಂಟರ ಖಂಡೇನವಮಿಗೆ, ಆಯುಧಪೂಜೆಯ ದಿನ, ಅವನು ಬರಲಿಲ್ಲ, ಹೆಂಡತಿ ಚಂದಮ್ಮನಿಗೆ ಜ್ವರ. ಆ ದಿನ ಎಲ್ಲ ವಿಭಾಗದ ಹತ್ಯಾರುಗಳನ್ನೂ ತೊಳೆದು ದೇವಿಯ ಫೋಟೋ ಮುಂದೆ ಸಾಲಾಗಿ ಇಡುತ್ತೇವೆ. ತೊಳೆಯುವ ಪಾಳಿ ನನ್ನದು. ಎಣ್ಣೆ, ಧೂಳು ಮೆತ್ತಿದ ಟ್ಯೂಬಿನ ಪಾನಾವನ್ನು ದೇವಿಯ ಮುಂದೆ ಇಡುವುದೇ? ಬ್ಲೇಡಿನಿಂದ ಟ್ಯೂಬ್ ಸೀಳಿ ಕಸಕ್ಕೆ ಎಸೆದೆ. ಪಾನಾವನ್ನು ಸೀಮೆಎಣ್ಣೆಯಲ್ಲಿ ತಿಕ್ಕಿ, ಮಿಂಚಿಸಿ, ಕುಂಕುಮ ಹಚ್ಚಿದೆ. ಪುಣ್ಯದ ಕೆಲಸ ಮಾಡಿದೆನೆಂದು ಮನಸ್ಸಿಗೆ ಖುಷಿಯಾಗಿತ್ತು.

ದಸರೆ ಕಳೆದ ಮೊದಲ ಪಾಳಿಯಲ್ಲೇ ಮಾಲು ತುಂಬಿದ ಗಾಡಿಯೊಂದು ಬ್ಯಾಟರಿಯ ನಟ್ಟು ಸಡಿಲಾಗಿ ದಾರಿಗಡ್ಡವಾಗಿ ನಿಂತಿತು.

"ಯಾವನಲೇ ಇದರ ಟ್ಯೂಬ್ ಕಿತ್ತವ?" ಅಂಬಾರಾಯನ ಕೂಗು ನನ್ನ ಲೇಥ್‌ವರೆಗೂ ಕೇಳಿಸಿತು.

"ನಾನೇ ಕಿತ್ತೀನೋ, ಪೂಜಾಕ್ಕ..." ಅಂದೆ.

ಅವನು ನನ್ನನ್ನು ಒಮ್ಮೆ ನೋಡಿದ. ಬೇರೆ ಟ್ಯೂಬ್ ತರುತ್ತೇನೆ, ಹತ್ತು ನಿಮಿಷ ಕೊಡಿ ಎಂದು ಸೂಪರ್‌ವೈಸರನನ್ನು ಕೇಳಿದ. ಆತ ಗಡಿಯಾರ ತೋರಿಸಿ ಮರಾಠಿಯಲ್ಲಿ ರೇಗಿದ. ಅಂಬಾರಾಯ ಹಲ್ಲು ಕಚ್ಚಿ ಉಂಗುರ ಬಿಚ್ಚಿದ, ಪಾನಾಕ್ಕೆ ಚಿಂದಿ ಸುತ್ತಿದ, ಬಗ್ಗಿದ. ಚಿಂದಿ ಜಾರಿತು. ಟಪ್ಪೆಂದು ನೀಲಿ ಬೆಳಕು ಹಾರಿತು. ಪಾನಾ ಎರಡು ಕಂಬಗಳಿಗೂ ಕಚ್ಚಿಕೊಂಡು ಕೆಂಪಗಾಯಿತು, ಅವನ ಬಲಗೈ ಅದರ ಮೇಲೇ ಇತ್ತು.

ಹದಿನೈದೇ ದಿನದಲ್ಲಿ ಸ್ಟೋರಿಗೆ ಕೆಂಪು ರಬ್ಬರಿನ ಹೊಸ ಪಾನಾ ಬಂತು. ಎರಡು ತಿಂಗಳ ಮೇಲೆ ಅಂಬಾರಾಯ ಬಂದ. ಅವನನ್ನು ಗೇಟು ಕಾಯಲು ಹಾಕಿದರು, ಬ್ಯಾಟರಿ ಕೆಲಸ ನನಗೆ ಬಂತು. ಪಾನಾವನ್ನು ಅವನಿಗೆ ತೋರಿಸಿದೆ, ಯಾಕೆ ತೋರಿಸಿದೆನೋ. ಬಲಗೈಯಲ್ಲಿ ಹಿಡಿಯಲು ನೋಡಿದ, ಬೆರಳು ಮಡಚಲಿಲ್ಲ. ಎಡಗೈಯಿಂದ ಎತ್ತಿ ನನಗೇ ಕೊಟ್ಟ.

"ಬರೋ ಖಂಡೇನವಮಿಗಿ ಇದರ ಚರ್ಮ ಸುಲೀಬ್ಯಾಡ ಅವ್ವಣ್ಣ. ಮತ್ತ ನಿನ್ನ ಬೆರಳಿನ ಉಂಗುರ ಮೊದಲ ತಗಿ."

ನಾನು ಉಂಗುರ ಬಿಚ್ಚಿ ಜೇಬಿಗೆ ಹಾಕಿಕೊಂಡೆ.