ಒಂದು ಬದಿ ಬಿಟ್ಟ ಬೊಂತೆ

ತಂಗಿಯ ಕೂಸಿಗೆ ಹಾಸಲು ಹಳೆಯ ಸೀರೆಗಳ ಬೊಂತೆ ಹೊಲಿಯಲು ಕೂರುವ ಮೊದಲೇ ಅದರಲ್ಲಿ ಏನೇನು ಕೆಡಬಹುದು ಎಂಬುದು ನನಗೆ ಬಾಯಿಪಾಠವಾಗಿತ್ತು. ಅಮ್ಮನ ಸೀರೆಗಳು ಹಳೆಯವು, ಮುಟ್ಟಿದರೆ ಪಿಸಿದುಹೋಗಬಹುದು. ಕೆಂಪು ಸೀರೆ ಬಣ್ಣ ಬಿಟ್ಟು ಕೂಸು ಓಕುಳಿಯಾಡಿದಂತೆ ಏಳಬಹುದು. ಇಲಿ ಕಡಿಯಬಹುದು. ಸೂಜಿ ಮುರಿದು ಒಳಪದರದಲ್ಲಿ ಉಳಿದು, ಯಾವತ್ತೋ ಒಂದು ದಿನ ಕೂಸಿನ ಬೆನ್ನು ಹುಡುಕಿಕೊಂಡು ಹೊರಡಬಹುದು. ಅಳತೆ ತಪ್ಪಿ ಬೊಂತೆ ಹಲಸಿನಹಣ್ಣಿನ ಆಕಾರಕ್ಕೆ ಬರಬಹುದು. ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು. ಎಲ್ಲಕ್ಕಿಂತ ಹೆಚ್ಚಾಗಿ, ನಾನು ಅದನ್ನು ಮುಗಿಸದೇ ಹೋಗಬಹುದು.

ಈ ಕೊನೆಯದಕ್ಕೆ ನಮ್ಮ ಮನೆಯ ಗೋಡೆಯ ಮೇಲೆಯೇ ಪುರಾವೆ ತೂಗುತ್ತಿತ್ತು. ಮದುವೆಯಾದ ಹೊಸತರಲ್ಲಿ ಮಹಿಳಾ ಸಮಾಜದ ಹೊಲಿಗೆ ತರಗತಿಗೆ ಸೇರಿ, ಮ್ಯಾಟಿ ಬಟ್ಟೆಯ ಮೇಲೆ ಜೋಡಿ ಗಿಳಿಗಳ ಕ್ರಾಸ್ ಸ್ಟಿಚ್ ಶುರುಮಾಡಿದ್ದೆ. ಆರು ವರ್ಷವಾದರೂ ಎರಡನೆಯ ಗಿಳಿಗೆ ತಲೆ ಬಂದಿರಲಿಲ್ಲ. ನಮ್ಮ ಯಜಮಾನರು ಮನೆಗೆ ಬಂದವರಿಗೆಲ್ಲ, "ನಮ್ಮನೇಲಿ ಒಂದೂವರೆ ಗಿಳಿ ಸಾಕಿದ್ದೀವಿ" ಎಂದು ಹೇಳುತ್ತಿದ್ದರು.

ಅಮ್ಮ ತೀರಿಕೊಂಡು ಎರಡು ವರ್ಷವಾಗಿತ್ತು. ಹಾಗಾಗಿ ತಂಗಿಯ ಚೊಚ್ಚಲ ಬಾಣಂತನ ದೊಡ್ಡಬಳ್ಳಾಪುರದ ನಮ್ಮ ಮನೆಯಲ್ಲೇ ಎಂದಾಯಿತು. ಏಳು ತಿಂಗಳಿಗೆ ಬಂದವಳು ಬಂದ ಮಾರನೆಯ ದಿನವೇ ನನ್ನ ಟ್ರಂಕ್ ತೆರೆದು, ಅಮ್ಮನ ನಾಲ್ಕು ನೂಲಿನ ಸೀರೆಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕುಳಿತಳು.

"ಅಕ್ಕ, ತೊಟ್ಟಿಲು ಶಾಸ್ತ್ರದ ದಿನ ಮಗೂನ ಇದರ ಮೇಲೆ ಮಲಗಿಸ್ಬೇಕು. ಬೊಂತೆ ಹೊಲಿದ್ಕೊಡು."

"ಅಂಗಡೀಲಿ ಒಳ್ಳೊಳ್ಳೆ ಹಾಸಿಗೆ ಸಿಗುತ್ತೆ ಕಣೆ."

"ಅಂಗಡೀಲಿ ಅಮ್ಮನ ಸೀರೆ ಸಿಗುತ್ತಾ?"

ಅಮ್ಮನದೆಂದು ನಮಗೆ ಉಳಿದಿದ್ದು ಆ ನಾಲ್ಕು ಸೀರೆ. ತುಂಡು ಮಾಡಿ ಬೊಂತೆ ಮುಗಿಸದಿದ್ದರೆ ಅವಳಿಗೆ ಸೀರೆಯೂ ಇಲ್ಲ, ಬೊಂತೆಯೂ ಇಲ್ಲ. ನಾಲ್ಕು ದಿನ ಕತ್ತರಿ ಹಿಡಿದುಕೊಂಡು ಸೀರೆಗಳ ಸುತ್ತ ಪ್ರದಕ್ಷಿಣೆ ಹಾಕಿದೆ.

ಐದನೆಯ ದಿನ ದೊಡ್ಡಬೆಳವಂಗಲದಿಂದ ಸೋದರತ್ತೆ ಬಸ್ಸಿಳಿದು ಬಂದರು. ಊರಿನಲ್ಲಿ ಅರ್ಧ ಮನೆಗಳ ಬೊಂತೆ ಅವರದೇ ಕೈಯದು. ಅವರೆಕಾಯಿ ಚೀಲ ಕೆಳಗಿಟ್ಟವರು, ನನ್ನ ಕತ್ತರಿಯನ್ನು ಅತ್ತ ಸರಿಸಿ, ಕೆಂಪು ಸೀರೆಯ ಅಂಚು ಹಲ್ಲಿನಿಂದ ಕಚ್ಚಿ ಪರ್ರನೆ ಹರಿದುಬಿಟ್ಟರು.

"ಅಯ್ಯೋ ಅತ್ತೆ, ಅಳತೆ!"

"ಅಳತೆ ನೂಲಿಗೆ ಗೊತ್ತು ಕಣವ್ವ. ಕತ್ತರಿ ಹಾಕಿದ್ರೆ ವಾರೆ ಓಯ್ತದೆ, ಹರಿದ್ರೆ ನೆಟ್ಟಗೆ ಬತ್ತದೆ. ನೀನು ಹಿಂಗೆ ಹೆದರ್ಕಂಡು ಕೂತ್ರೆ ಆ ಕೂಸೇ ಬಂದು ಹೊಲ್ಕಬೇಕಾಯ್ತದೆ."

ಒಳಪದರಕ್ಕೆ ಹಳೆಯ ಪಂಚೆಗಳು, ಮೇಲೆ ಸೀರೆಯ ತುಂಡುಗಳು. ತಾಯಿ ಮಗು ಇಬ್ಬರೂ ಮಲಗುವಷ್ಟು ಅಗಲ ಬೇಕೆಂದರು ಅತ್ತೆ. ಒಂದು ಬೆರಳು ಬಿಟ್ಟು ಒಂದು ಸಾಲು ಹೊಲಿಗೆ, ದಿನಕ್ಕೆ ಒಂದು ಗೇಣು, ಇದು ಅವರು ವಿಧಿಸಿದ ಪಾಠ. ಅಷ್ಟರಲ್ಲಿ ಗೋಡೆಯ ಗಿಳಿಗಳು ಕಣ್ಣಿಗೆ ಬಿದ್ದವು. "ಇವನ್ನ ಮಧ್ಯಕ್ಕೆ ಹಾಕು. ಮೊದ್ಲು ಆ ಬಡಪಾಯಿಗೊಂದು ತಲೆ ಕೊಡು" ಎಂದರು.

ಕ್ರಾಸ್ ಸ್ಟಿಚ್ಚಿನಲ್ಲಿ ಒಂದು ಮನೆ ಎಣಿಕೆ ತಪ್ಪಿದರೂ ಕೊಕ್ಕು ಹೋಗಿ ಕಣ್ಣಿಗೆ ಚುಚ್ಚುತ್ತದೆ. ಮೂರು ಸಲ ಬಿಚ್ಚಿದೆ. ನಾಲ್ಕನೆಯ ಸಲ ತಲೆ ನಿಂತಿತು, ತುಸು ಕತ್ತು ಉಳುಕಿದವರ ಹಾಗೆ. ಯಜಮಾನರು ಕನ್ನಡಕ ಏರಿಸಿ ನೋಡಿ, "ಎರಡಾಯ್ತಾ? ಇನ್ನು ಕಾಳು ಜಾಸ್ತಿ ಬೇಕು" ಎಂದರು. ಅವರ ಕಡೆಯಿಂದ ಅದು ಸನ್ಮಾನ.

ಆಮೇಲೆ ಗೇಣು ಗೇಣಾಗಿ ಬೊಂತೆ ಬೆಳೆಯಿತು. ಒಂದು ದಿನ ಸೊಂಟದವರೆಗೆ, ಇನ್ನು ಮೂರು ದಿನಕ್ಕೆ ಭುಜದವರೆಗೆ ಎಂದು ತಂಗಿ ಅದರ ಪಕ್ಕದಲ್ಲಿ ಮಲಗಿ ಅಳೆಯುತ್ತಿದ್ದಳು. ನನಗೇ ನನ್ನ ಮೇಲೆ ಅನುಮಾನ ಬರುವಷ್ಟು ಚೆನ್ನಾಗಿ ಸಾಗುತ್ತಿತ್ತು. ಊರಿಗೆ ಹೊರಟ ಅತ್ತೆ ಬಾಗಿಲಲ್ಲಿ ನಿಂತು ಎಚ್ಚರಿಸಿದ್ದರು: "ಕೂಸು ಹುಟ್ಟೋಕೆ ಮುಂಚೆ ಪೂರ್ತಿ ಮಾಡ್‌ಬ್ಯಾಡ. ಒಂದು ಬದಿ ಬುಟ್ಟಿರು." ನನ್ನ ಜನ್ಮದಲ್ಲಿ ಮೊದಲ ಬಾರಿಗೆ, ಮುಗಿಸದೇ ಇರುವುದೇ ಶಾಸ್ತ್ರವಾಗಿತ್ತು. ಅದನ್ನು ಶ್ರದ್ಧೆಯಿಂದ ಪಾಲಿಸಿದೆ.

ದಿನಕ್ಕೆ ಸರಿಯಾಗಿ ಹೆಣ್ಣುಮಗು ಹುಟ್ಟಿತು, ಸುಖವಾಗಿ. ಅಲ್ಲಿಂದ ಬಾಣಂತಿಗೆ ಬಿಸಿನೀರು, ಕೂಸಿಗೆ ಸಾಂಬ್ರಾಣಿ ಹೊಗೆ, ಒಣಗದ ಬಟ್ಟೆಗಳ ಹಿಂದೆ ಓಟ. ತೊಟ್ಟಿಲು ಶಾಸ್ತ್ರದ ಬೆಳಿಗ್ಗೆ ಅತ್ತೆ ಬಂದು ನೋಡಿದರೆ ಆ ಒಂದು ಬದಿ ಹಾಗೆಯೇ ಇತ್ತು.

"ಇದೇನವ್ವ, ಬೊಂತೆ ಬಾಯಿ ಬುಟ್ಕಂಡು ಕೂತದೆ?"

ನಡುಮನೆಯಲ್ಲಿ, ತೊಟ್ಟಿಲ ಕೆಳಗೇ ಬೊಂತೆ ಹರಡಿ, ಅಂಚನ್ನು ತೊಡೆಯ ಮೇಲೆ ಎಳೆದುಕೊಂಡು ಹೊಲಿಯತೊಡಗಿದೆ. ಮುತ್ತೈದೆಯರು ಒಬ್ಬೊಬ್ಬರಾಗಿ ಬಂದು ಸುತ್ತ ಕುಳಿತರು. ಬೆಳಗಿನಿಂದ ಅಳುತ್ತಿದ್ದ ಕೂಸನ್ನು ಎತ್ತಿಕೊಂಡು ತಂಗಿ ಎದುರಿಗೆ ಬಂದು ನಿಂತಳು.

"ಆಯ್ತಾ ಅಕ್ಕ?"

"ಇನ್ನೊಂದು ಗೇಣು."

ಸೂಜಿ ಮುರಿಯಲಿಲ್ಲ, ದಾರ ಸಾಕಾಯಿತು. ಗಂಟು ಹಾಕಿ ಹಲ್ಲಿನಿಂದ ದಾರ ಕಚ್ಚಿದೆ. ತಂಗಿ ಬಗ್ಗಿ ಕೂಸನ್ನು ಅಮ್ಮನ ನೀಲಿ ಸೀರೆಯ ತುಂಡಿನ ಮೇಲೆ ಮಲಗಿಸಿದಳು. ಎರಡು ಸಲ ಕಾಲು ಬಡಿದು ಕೂಸು ನಿದ್ದೆಹೋಯಿತು. ತಂಗಿ ಆ ನೀಲಿಯನ್ನು ಒಮ್ಮೆ ಸವರಿ, ನನ್ನ ಮುಖ ನೋಡಿ ನಕ್ಕಳು. ಬಣ್ಣ ಬಿಟ್ಟಿರಲಿಲ್ಲ, ಇಲಿ ಕಡಿದಿರಲಿಲ್ಲ, ಬೊಂತೆ ಚೌಕವಾಗಿಯೇ ಇತ್ತು. ನನಗೆ ಚಿಂತಿಸಲು ಏನೂ ಉಳಿದಿರಲಿಲ್ಲ.

"ಏಳವ್ವ, ಎಲ್ರಿಗೂ ಅರಿಶಿನ ಕುಂಕುಮ ಕೊಡು" ಎಂದರು ಅತ್ತೆ.

ಎದ್ದೆ. ಅರ್ಧಕ್ಕೇ ಯಾರೋ ಹಿಡಿದೆಳೆದಂತಾಗಿ ಕುಳಿತೆ. ಕೂಸು ಮುಖ ಕಿವುಚಿತು. ಅತ್ತೆ ಬಗ್ಗಿ ಬೊಂತೆಯ ಅಂಚು ನೋಡಿದರು, ನನ್ನನ್ನು ನೋಡಿದರು, ಬಾಯಿಗೆ ಸೆರಗು ಅಡ್ಡ ಹಿಡಿದರು.

"ಕೂಸು ಏಳೋಗಂಟ ಅಲ್ಲೇ ಕೂತಿರು. ಶಾಸ್ತ್ರದ ದಿನ ಕತ್ತರಿ ಆಡಿಸ್‌ಬಾರ್ದು."

ಕುಂಕುಮದ ಬಟ್ಟಲನ್ನು ತಂಗಿಯೇ ಹಿಡಿದು ಹೊರಟಳು, ನಗು ತಡೆಯಲಾರದೆ ಭುಜ ಕುಲುಕಿಸುತ್ತ. ನಾನು ಕೂಸಿನ ಪಕ್ಕ ಅಲ್ಲಾಡದೆ ಕುಳಿತೆ. ಕೊನೆಯ ಒಂದು ಗೇಣು ಉದ್ದಕ್ಕೂ, ನನ್ನ ಕೈಯಿಂದ ಅಲ್ಲಿಯವರೆಗೂ ಬಾರದಷ್ಟು ನೆಟ್ಟಗಿನ ಸಾಲಿನಲ್ಲಿ, ನನ್ನ ಸೆರಗನ್ನು ಬೊಂತೆಗೆ ಸೇರಿಸಿ ಹೊಲಿದುಬಿಟ್ಟಿದ್ದೆ.