ತಿದ್ದುಪಡಿ ಹೊತ್ತು ಊರಿಗೆ ಹೋದ ನಿರ್ಮಲಕ್ಕ

ನಿರ್ಮಲಕ್ಕನಿಗೆ ಪಿಸುಮಾತು ಬರುತ್ತಿರಲಿಲ್ಲ. ಕಿವಿ ಕೇಳದ ಅಪ್ಪನ ಜೊತೆ ಬೆಳೆದವರು. ಏನು ಹೇಳಿದರೂ ಹೊಲದ ಆಚೆ ಬದುವಿಗೆ ಮುಟ್ಟುವಂತೆ ಹೇಳುತ್ತಿದ್ದರು. ಗುಟ್ಟು ತಿಳಿಸಲು ಬಂದವರು ಅವರ ಉತ್ತರದ ಸದ್ದಿಗೇ ಗಾಬರಿಯಾಗಿ ಎದ್ದು ಹೋಗುತ್ತಿದ್ದರು. ಹಾನಗಲ್ಲಿನ ಒಂದು ಸಭೆಯಲ್ಲಿ ಮುಖಂಡರೊಬ್ಬರು ಕೆರೆಯ ಹೂಳು ತೆಗೆಸಿದ್ದನ್ನು ಬಣ್ಣಿಸುತ್ತಿದ್ದಾಗ ಇವರು ಹಿಂದಿನ ಸಾಲಿನಿಂದ, "ಸಾಹೇಬ್ರ, ನೀವು ಆ ಕೆರಿ ನೋಡೀರೇನ್ರಿ?" ಎಂದು ಕೇಳಿದ್ದರಂತೆ. ಸಭೆಗೆ ಸಭೆಯೇ ನಕ್ಕಿತಂತೆ. ಇದು ನಾನು ಕಂಡದ್ದಲ್ಲ, ಕೇಳಿದ್ದು. ಆ ವ್ಯತ್ಯಾಸವನ್ನು ಬರೆಯದೆ ಹೋದರೆ ಅವರ ಬಗ್ಗೆ ಬರೆಯುವ ಹಕ್ಕೇ ನನಗಿಲ್ಲ.

ಶಿಗ್ಗಾಂವದಲ್ಲಿ ತಮ್ಮ ಮನೆಯ ಪಡಸಾಲೆಯಿಂದಲೇ ಅವರು ನಾಲ್ಕು ಪುಟದ ವಾರಪತ್ರಿಕೆ ನಡೆಸುತ್ತಿದ್ದರು. ಕಟ್ಟುಗಳು ಬಸ್ಸಿನಲ್ಲಿ ಸವಣೂರು, ಹಾನಗಲ್ಲು, ಹಿರೇಕೆರೂರಿಗೆ ಹೋಗುತ್ತಿದ್ದವು. ಧಾರವಾಡದಲ್ಲಿ ಪತ್ರಿಕೋದ್ಯಮ ಓದಿ, ಸತ್ಯವೆಂದರೇನು ಎಂಬುದರ ಮೇಲೆ ಉದ್ದನೆಯ ಪ್ರಬಂಧವನ್ನೂ ಬರೆದು, ನಾನು ಅಲ್ಲಿ ಕೆಲಸಕ್ಕೆ ಸೇರಿದೆ. ಮೊದಲ ದಿನವೇ ಅವರು ನನ್ನ ನೋಟುಬುಕ್ಕಿನ ಹಾಳೆಯನ್ನು ಉದ್ದಕ್ಕೆ ನಡುವೆ ಮಡಚಿಕೊಟ್ಟರು.

"ಏ ಎಂ.ಎ., ಈ ಕಡೆ ಕಂಡದ್ದು ಬರಿ. ಆ ಕಡೆ ಕೇಳಿದ್ದು ಬರಿ. ಎರಡೂ ಕೂಡಿಸಿ ಚಿತ್ರಾನ್ನ ಮಾಡಬ್ಯಾಡ."

ನನಗೆ ಒಳಗೊಳಗೇ ನಗು ಬಂದಿತ್ತು.

ಆರನೆಯ ತಿಂಗಳಿಗೆ ಆ ನಗು ಇಳಿಯಿತು. ಸವಣೂರಿನ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಮಕ್ಕಳಿಗೆ ವಾಂತಿಯಾಯಿತೆಂದು ಸುದ್ದಿ ಬಂತು. ಊರಿನ ಹೆಸರು ಬರೆಯುವುದಿಲ್ಲ. ಅಂದೇ ಪುಟ ಮುಗಿಸಬೇಕಿತ್ತು. ನಿರ್ಮಲಕ್ಕ ಗೋವಿನಜೋಳದ ದರ ವಿಚಾರಿಸಲು ಹಿರೇಕೆರೂರಿನ ಸಂತೆಗೆ ಹೋಗಿದ್ದರು. ನಾನು ಒಬ್ಬ ಅಧಿಕಾರಿಗೆ ಫೋನು ಮಾಡಿದೆ. "ಬಿಸಿಯೂಟ ಮಾಡಾಕಿ ಲಕ್ಷ್ಮವ್ವಂದ ನಿಷ್ಕಾಳಜಿರಿ, ಬರ್ಕೋರಿ" ಎಂದರು. ಬರೆದುಕೊಂಡೆ. ಅಡುಗೆಯವರ ನಿರ್ಲಕ್ಷ್ಯ, ಮಕ್ಕಳು ಅಸ್ವಸ್ಥ ಎಂದು ಮೊದಲ ಪುಟದಲ್ಲಿ ಹೆಸರಿನ ಸಮೇತ ಅಚ್ಚಾಯಿತು. ಎರಡು ದಿನಕ್ಕೆ ಲಕ್ಷ್ಮವ್ವನನ್ನು ಕೆಲಸದಿಂದ ತೆಗೆದರು.

ಅಚ್ಚಾದ ಪತ್ರಿಕೆ ಓದಿ ನಿರ್ಮಲಕ್ಕ ನನ್ನ ನೋಟುಬುಕ್ಕು ಕೇಳಿದರು. ಕೇಳಿದ್ದರ ಕಡೆ ಪುಟ ತುಂಬಿತ್ತು. ಕಂಡದ್ದರ ಕಡೆ ಒಂದಕ್ಷರವಿರಲಿಲ್ಲ. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ, ಚಪ್ಪಲಿ ಮೆಟ್ಟಿದರು. "ನಡಿ" ಎಂದರು.

ಆ ಊರಿನಲ್ಲಿ ನಾವು ಹೊಕ್ಕ ಮೊದಲ ಮನೆಯಲ್ಲೇ ಒಬ್ಬ ತಾಯಿ ಸಿಡುಕಿದಳು: "ನಮ್ಮ ಹುಡುಗಿ ಅವತ್ತು ಸಾಲ್ಯಾಗ ಉಂಡೇ ಇಲ್ಲರಿ! ಊಟದ ಗಂಟಿ ಹೊಡಿಯೂಕಿಂತ ಮೊದಲ ವಾಂತಿ ಶುರುವಾಗಿತ್ತು. ನಮ್ಮನ್ನ ಯಾರು ಕೇಳ್ಯಾರ?" ಉಳಿದ ಮನೆಗಳಲ್ಲೂ ಅದೇ ಮಾತು. ಮಕ್ಕಳೆಲ್ಲ ಬೆಳಿಗ್ಗೆ ಕುಡಿದದ್ದು ಶಾಲೆಯ ಟಾಕಿಯ ನೀರು. ನಿರ್ಮಲಕ್ಕ ಏಣಿ ಹತ್ತಿ ಟಾಕಿಯ ಮುಚ್ಚಳ ತೆಗೆದರು. ಆಗಲೂ ಬ್ಲೀಚಿಂಗ್ ಪುಡಿಯ ಘಾಟು ಮೂಗಿಗೆ ಬಡಿಯುತ್ತಿತ್ತು. ಪುಡಿ ಹಾಕಿದ ಪಂಚಾಯಿತಿಯ ಆಳು ಮುಚ್ಚಿಡಲಿಲ್ಲ: "ಹಾಕಿದ್ದು ನಾನರಿ. ತೊಳದು ನೀರು ಬಿಡು ಅಂತ ಯಾರೂ ಹೇಳಲಿಲ್ಲ." ಮಕ್ಕಳನ್ನು ನೋಡಿದ ಡಾಕ್ಟರೂ ಅದನ್ನೇ ಹೇಳಿದರು.

ಮರುದಿನ ಆ ಪಂಚಾಯಿತಿಯ ಸದಸ್ಯರೊಬ್ಬರು ನಮ್ಮ ಪಡಸಾಲೆಗೆ ಬಂದು ಕುಳಿತರು. "ಅಕ್ಕಾರ, ಮೂಲ್ಯಾಗ ಎರಡು ಸಾಲು ವಿಷಾದ ಅಂತ ಹಾಕಿ ಮುಗಿಸ್ರಿ. ಟಾಕಿ ಸುದ್ದಿ ಯಾಕ? ನಿಮ್ಮ ಪೇಪರಿನ ಮರ್ಯಾದಿ ನೀವ ಕಳಕೋತೀರಿ."

"ಮರ್ಯಾದಿ ಹೋದ ವಾರನ ಕಳದೈತ್ರಿ," ಎಂದರು ನಿರ್ಮಲಕ್ಕ. "ಈ ವಾರ ಹುಡುಕಾಕತ್ತೇವಿ." ಓಣಿಗೆಲ್ಲ ಕೇಳಿಸಿತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಆ ಗಳಿಗೆಯಲ್ಲಿ ನಾನು ಸದಸ್ಯರ ಪಕ್ಷದಲ್ಲಿದ್ದೆ. ಮೂಲೆಯ ಎರಡು ಸಾಲೇ ನನಗೂ ಬೇಕಾಗಿತ್ತು.

ನಾವು ಬರೆದದ್ದು ಸುಳ್ಳು ಎಂದು ಮೊದಲ ಪುಟದಲ್ಲಿ, ಮೊದಲಿನಷ್ಟೇ ದೊಡ್ಡ ಅಕ್ಷರದಲ್ಲಿ ಬಂತು. ಕೆಳಗೆ ಟಾಕಿಯ ಸುದ್ದಿ, ಅದರ ಕೆಳಗೆ ಸ್ಥಳಕ್ಕೆ ಹೋಗದೆ ಬರೆದವಳೆಂದು ನನ್ನ ಹೆಸರು. ಅಷ್ಟಾದರೂ ನಿರ್ಮಲಕ್ಕನಿಗೆ ಸಮಾಧಾನವಿಲ್ಲ. ಆ ಊರಿನಲ್ಲಿ ಪತ್ರಿಕೆ ಕೊಳ್ಳುವವರು ನಾಲ್ಕೇ ಮಂದಿ; ಉಳಿದವರು ಚಾದಂಗಡಿಯ ಮುಂದೆ ಯಾರಾದರೂ ಗಟ್ಟಿಯಾಗಿ ಓದಿದ್ದನ್ನು ಕೇಳುವವರು. "ಸುಳ್ಳು ಅಲ್ಲಿ ಕೇಳ್ಯಾರ, ಖರೇನೂ ಅಲ್ಲೇ ಕೇಳಬೇಕು. ನೀ ಬರದಿ, ನೀನ ಓದು" ಎಂದು ನನ್ನನ್ನು ಬಸ್ಸು ಹತ್ತಿಸಿ, ತಾವೂ ಹತ್ತಿದರು.

ಓದಿದೆ. ಸದಸ್ಯರ ಕಡೆಯವನೊಬ್ಬ ಬೆಂಚಿನಿಂದ, "ಹೋದ ವಾರ ಹಂಗ, ಈ ವಾರ ಹಿಂಗ. ಮುಂದಿನ ವಾರ ಹೆಂಗ್ರಿ ಅಕ್ಕಾರ?" ಎಂದು ಕಿಚಾಯಿಸಿದ.

"ನೀವು ಟಾಕಿ ತೊಳದ್ರ, ತೊಳದಾರ ಅಂತ ಬರೀತೇವಿ. ಅದಕ್ಕೂ ನೋಡಾಕ ಬರ್ತೇವಿ ಮತ್ತ!" ಎಂದರು ನಿರ್ಮಲಕ್ಕ. ಜನ ನಕ್ಕರು.

ಲಕ್ಷ್ಮವ್ವ ರಸ್ತೆಯ ಆಚೆ, ತಲೆಯ ಮೇಲೆ ಸೆರಗು ಹೊದ್ದು ನಿಂತಿದ್ದರು. ನಾನು ಪತ್ರಿಕೆ ಮಡಚಬೇಕು ಎನ್ನುವಷ್ಟರಲ್ಲಿ, "ಇನ್ನೊಮ್ಮೆ ಓದ್ರಿ. ನಮ್ಮ ಮಾವ ಈಗ ಬಂದಾರ" ಎಂದರು. ಮತ್ತೆ ಓದಿದೆ. ಆಮೇಲೆ ನಾದಿನಿ ಬಂದಳು, ಮತ್ತೆ ಓದಿಸಿದರು. ಐದು ಸಲ ಓದಿದೆನೆಂದು ನನ್ನ ನೆನಪು. ಡೈರಿಯಲ್ಲಿ ಮೂರು ಎಂದಿದೆ. ನಾಚಿಕೆ ಲೆಕ್ಕವನ್ನು ಹಿಗ್ಗಿಸಿರಬೇಕು, ಡೈರಿಯನ್ನೇ ನಂಬುತ್ತೇನೆ.

ಕೆಲಸ ಮಾತ್ರ ಅಷ್ಟು ಸುಲಭಕ್ಕೆ ಮರಳಲಿಲ್ಲ. ಮುಂದಿನ ವಾರ ಮೊದಲ ಪುಟದ ನೆತ್ತಿಯಲ್ಲಿ ಒಂದೇ ಸಾಲು: ಲಕ್ಷ್ಮವ್ವ ಇನ್ನೂ ಕೆಲಸಕ್ಕೆ ಮರಳಿಲ್ಲ. ಅದರ ಮುಂದಿನ ವಾರವೂ ಅದೇ. ಆ ಅಧಿಕಾರಿಯ ಕಚೇರಿಯಿಂದ ಯಾರೋ ಫೋನು ಮಾಡಿ, "ಸಾಕು ಮಾಡ್ರಿ ಅಕ್ಕಾರ" ಎಂದು ಬೇಡಿಕೊಂಡರು. "ಆಕೀನ್ನ ಹೊರಗಿಡೂದು ನೀವು ಸಾಕು ಮಾಡಿದ ದಿನಾ ನಾನೂ ಸಾಕು ಮಾಡ್ತೇನಿ" ಎಂದು ನಿರ್ಮಲಕ್ಕ ಫೋನಿಟ್ಟರು. ಏಳನೆಯ ವಾರ ಆ ಸಾಲು ಬದಲಾಯಿತು: ಮರಳಿದ್ದಾರೆ.

ಮುಂದೆ ನಾನು ಕಾಲೇಜಿನಲ್ಲಿ ಪಾಠ ಹೇಳಲು ಹಿರೇಕೆರೂರಿಗೆ ಹೋದೆ. ಈ ವರ್ಷ ನಿರ್ಮಲಕ್ಕ ತೀರಿಕೊಂಡರು. ಪತ್ರಿಕೆಯನ್ನು ನಿಲ್ಲಿಸುವುದೋ ನಡೆಸುವುದೋ ಎಂದು ಅವರ ತಮ್ಮ ನನ್ನನ್ನು ಕೇಳಿದ್ದರು. ದಿನಕರ್ಮಗಳು ಮುಗಿದ ಮರುದಿನ ಬೆಳಿಗ್ಗೆ ಆ ಪಡಸಾಲೆಯಲ್ಲಿ ಹಳೆಯ ಸಂಚಿಕೆಗಳನ್ನು ತಿರುವುತ್ತ ಕುಳಿತಿದ್ದೆ. ಲಕ್ಷ್ಮವ್ವ ಬಂದರು. ಸೆರಗಿನ ಗಂಟು ಬಿಚ್ಚಿ ಮೇಜಿನ ಮೇಲೆ ಒಂದು ಹಿಡಿ ಅಕ್ಕಿ ಸುರಿದರು. ಅಕ್ಕಿಯಲ್ಲಿ ಹುಳ ಹರಿಯುತ್ತಿದ್ದವು.

"ಸಾಲಿಗೆ ಇಂಥಾದ್ದು ಬಂದೈತ್ರಿ. ನಾ ಬೇಯ್ಸಂಗಿಲ್ಲ ಅಂದೇನಿ. ಮತ್ತ ತೆಗದ ಹಾಕ್ತೇವಿ ಅಂತಾರ."

"ನಾಳೆ ಬಂದು ನೋಡ್ತೇನ್ರಿ" ಎಂದೆ.

"ನಾಳೆ ಅಂದ್ರ ಚೀಲ ಬದಲಾಗಿರ್ತಾವ. ಈಗ ನಡೀರಿ."

ಪಡಸಾಲೆಗೆ ಕೀಲಿ ಹಾಕುತ್ತ, ನಿಮ್ಮ ಕೆಲಸಕ್ಕೆ ಕುತ್ತು ಬರುವುದು ಬೇಡ, ಹೆಸರು ಹಾಕದೆ ಬರೆಯುತ್ತೇನೆ ಎಂದೆ. ಲಕ್ಷ್ಮವ್ವ ಮೆಟ್ಟಿಲ ಮೇಲೆ ನಿಂತುಬಿಟ್ಟರು.

"ಹಾಕ್ರಿ. ಅವತ್ತು ಸುಳ್ಳಿಗೆ ಹಾಕಿದ್ರಿ. ಇವತ್ತು ಖರೇಕ್ಕ ಹಾಕ್ರಿ."